ಬಸ್ಸಿನ ಎಡಗಡೆಗೆ ಕಂಡ ಕೊರಿಯಾ

ಕೊರಿಯಾ ದೇಶವನ್ನು ಕಂಡುಹಿಡಿದವರು ನಮ್ಮ ಸೋದರಮಾವ. ನಗಬೇಡಿ! ಅದಕ್ಕೆ ಮೊದಲೂ ಆ ದೇಶ ಅಲ್ಲೇ ಇತ್ತು, ಅಲ್ಲಿ ಜನವೂ ಇದ್ದರು, ಇದೆಲ್ಲ ನನಗೂ ಗೊತ್ತು. ಆದರೆ ಹೊಸೂರಿನ ನಮ್ಮ ಬಡಾವಣೆಯ ನಾಲ್ಕು ಬೀದಿಗಳ ಮಟ್ಟಿಗೆ, ಪಕ್ಕದ ತಳಿ ಊರಿನ ಕಡೆಯ ನಮ್ಮ ನೆಂಟರಿಷ್ಟರ ಮಟ್ಟಿಗೆ, ಕೊರಿಯಾ ಎಂಬುದೊಂದಿದೆ, ಅಲ್ಲಿಯೂ ಎಲೆಕೋಸು ಬೆಳೆಯುತ್ತಾರೆ ಎಂಬ ಸುದ್ದಿಯನ್ನು ಹೊತ್ತು ತಂದವರು ಅವರೇ. ತಂದದ್ದನ್ನು ಇನ್ನೂ ಕೆಳಗಿಳಿಸಿಲ್ಲ ಎಂಬುದಷ್ಟೇ ನಮ್ಮ ತಕರಾರು.

ಮಾವ ಹೊಸೂರಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ, ತಗಡು ಒತ್ತಿ ಅಚ್ಚು ಮಾಡುವ ಪ್ರೆಸ್ ಶಾಪಿನ ಸೂಪರ್‌ವೈಸರ್. ಹನ್ನೊಂದು ವರ್ಷದ ಹಿಂದೆ ಆ ಕಾರ್ಖಾನೆಗೆ ಕೊರಿಯಾದಿಂದ ಒಂದು ಹೊಸ ಮೆಷಿನ್ನು ಬರುವುದಿತ್ತು. ಅದನ್ನು ಪಳಗಿಸುವ ವಿದ್ಯೆ ಕಲಿತು ಬರಲಿ ಎಂದು ಮಾವನನ್ನು ಇಪ್ಪತ್ತೊಂದು ದಿನ ಅಲ್ಲಿಗೆ ಕಳಿಸಿದರು. ಇಪ್ಪತ್ತು ದಿನ ಅವರು ಕಂಡದ್ದು ಮೆಷಿನ್ನು, ಕ್ಯಾಂಟೀನು ಮತ್ತು ಹಾಸ್ಟೆಲಿನ ಕೋಣೆ. ಉಳಿದ ಒಂದು ಭಾನುವಾರ ಕಂಪನಿಯವರೇ ಟಿಕೆಟ್ಟು ತೆಗೆಸಿ, ಸಿಯೋಲ್ ನಗರದಿಂದ ಹಳ್ಳಿಗಾಡಿಗೆ ಹೋಗಿಬರುವ ಟೂರ್ ಬಸ್ಸು ಹತ್ತಿಸಿದರು. ಬೆಳಿಗ್ಗೆ ಹೋಗಿ ಸಂಜೆ ವಾಪಸ್, ಜೊತೆಗೊಬ್ಬಳು ಗೈಡು. ಮಾವನ ಕೊರಿಯಾ ಎಂದರೆ ಆ ಒಂದು ದಿನ. ಅದರಲ್ಲೂ ಬಸ್ಸಿನ ಎಡಗಡೆಯ ಕಿಟಕಿಗೆ ಕಂಡಷ್ಟು! ಬಲಗಡೆ ಏನಿತ್ತು ಮಾವ ಎಂದು ಕೇಳಿದರೆ, "ಬಲಗಡೆ ಒಬ್ಬ ಜರ್ಮನಿಯೋನು ಕೂತಿದ್ದ" ಅನ್ನುತ್ತಾರೆ.

ಆ ಒಂದು ದಿನವನ್ನು ಮಾವ ಹನ್ನೊಂದು ವರ್ಷದಿಂದ ಹೇಗೆ ಎಳೆದಿದ್ದಾರೆ ಎಂದರೆ, ನಮ್ಮ ಮನೆಯಲ್ಲಿ ಯಾವ ಮಾತು ಶುರುವಾದರೂ ಮೂರನೆಯ ವಾಕ್ಯಕ್ಕೆ ಕೊರಿಯಾ ಬಂದು ಕೂರುತ್ತದೆ. ಟೊಮೇಟೊ ರೇಟು ಬಿತ್ತೇ? ಕೊರಿಯಾದಲ್ಲಿ ಹಾಗಿಲ್ಲ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಸಿಗ್ನಲ್ಲಿನಲ್ಲಿ ಲಾರಿ ಕೆಟ್ಟು ನಿಂತಿತೇ? ಕೊರಿಯಾದಲ್ಲಿ ಲಾರಿಗೆ ಕೆಡುವುದಕ್ಕೇ ನಾಚಿಕೆ. ನನ್ನ ಮಗನಿಗೆ ನೆಗಡಿಯಾದಾಗಲೂ "ಕೊರಿಯಾದಾಗೆ ಚಳಿ ಅಂದ್ರೆ ಚಳಿ ಕಣಮ್ಮ, ಇದೆಲ್ಲ ಏನು" ಎಂದು ಮಗುವಿನ ನೆಗಡಿಯನ್ನೇ ಸಣ್ಣದು ಮಾಡಿಬಿಟ್ಟರು. ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ, ಎದುರಿಗೇ ಹೇಳುತ್ತಾರೆ: "ಇವ್ರು ಕೊರಿಯಾಗೆ ಹೋಗಿದ್ದು ಇಪ್ಪತ್ತೊಂದು ದಿನಕ್ಕೆ. ಹನ್ನೊಂದು ವರ್ಷ ಆಯ್ತು, ಇನ್ನೂ ವಾಪಸ್ ಬಂದಿಲ್ಲ!"

ಅಲ್ಲಿಂದ ಅವರು ಹೊತ್ತು ತಂದ ಮುಖ್ಯ ಹುಚ್ಚು ಬಾವುಟದ್ದು. ಅಲ್ಲಿನ ಗೈಡ್ ಹುಡುಗಿಯ ಕೈಯಲ್ಲಿ ಒಂದು ಹಳದಿ ಬಾವುಟ ಇತ್ತಂತೆ. ಅದನ್ನೆತ್ತಿ ಹಿಡಿದು ಮುಂದೆ ನಡೆದರೆ ದೇಶದೇಶದ ಇಪ್ಪತ್ತೆರಡು ಜನ ಹಿಂದೆ ಸಾಲಾಗಿ ನಡೆದರಂತೆ. ಒಬ್ಬರೂ ಅತ್ತಿತ್ತ ಹೋಗಲಿಲ್ಲವಂತೆ. (ಒಬ್ಬರು ಹೋದರು. ಯಾರೆಂದು ಮುಂದೆ ಹೇಳುತ್ತೇನೆ.) ಊರಿಗೆ ಬಂದ ವಾರದಲ್ಲೇ ಮಾವ, ಅತ್ತೆ ಹೊಲಿಸದೆ ಎತ್ತಿಟ್ಟಿದ್ದ ಹಳದಿ ರವಿಕೆ ಬಟ್ಟೆಯನ್ನು ಹಳೇ ಟಿ.ವಿ. ಆಂಟೆನಾ ಕಡ್ಡಿಗೆ ಕಟ್ಟಿದರು. ಅವತ್ತಿನಿಂದ ನಮ್ಮ ಮನೆಗೆ ಬಂದ ಯಾವ ನೆಂಟರಿಗೂ ಬಿಡುಗಡೆಯಿಲ್ಲ. ಭಾನುವಾರ ಬೆಳಿಗ್ಗೆ ಎಬ್ಬಿಸಿ, ತಳಿ ಬಸ್ಸಿಗೆ ಹತ್ತಿಸಿ, ಬಾವುಟ ಹಿಡಿದು ಕೋಸಿನ ಹೊಲದ ಬದುವಿನ ಮೇಲೆ ನಡೆಸಿ, "ಇದು ಎಲೆಕೋಸು" ಎಂದು ತೋರಿಸುತ್ತಾರೆ. ತೋರಿಸುವುದು ಯಾರಿಗೆ? ಹುಟ್ಟಿದಾಗಿನಿಂದ ಕೋಸು ಬೆಳೆದು ಕೈಯೆಲ್ಲ ಒಡೆದುಕೊಂಡಿರುವ ಗುಮ್ಮಳಾಪುರದ ನಮ್ಮ ದೊಡ್ಡಪ್ಪನಿಗೆ! ದೊಡ್ಡಪ್ಪ ಪಾಪ, "ಓಹೋ, ಇದೇನಾ" ಎಂದರು.

ನನ್ನ ಮದುವೆಯ ದಿನವಂತೂ ಕೇಳಬೇಡಿ. ಗಂಡಿನ ಕಡೆಯವರು ಕೋಲಾರದ ಕಡೆಯಿಂದ ಬಂದು ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದರು. ಕರೆತರಲು ಮಾವ ಬಾವುಟ ಹಿಡಿದು ಹೋದರು. ಅದೇ ಹೊತ್ತಿಗೆ ರಾಯಕೋಟೆ ಬಸ್ಸಿನಿಂದ ಇನ್ನೊಂದು ಮದುವೆಯ ದಿಬ್ಬಣವೂ ಇಳಿದಿತ್ತು. ರೇಷ್ಮೆ ಸೀರೆ, ತಟ್ಟೆ, ಹೂವು, ಎಲ್ಲ ನೋಡಿ ಮಾವ ಬಾವುಟ ಎತ್ತಿದರು. ಎರಡೂ ದಿಬ್ಬಣ ಹಿಂದೆ ಬಂತು! ಮೊದಲ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ರಾಯಕೋಟೆಯ ಒಬ್ಬ ಅಜ್ಜಿ ಮಂಟಪದ ಕಡೆ ಕತ್ತು ಚಾಚಿ, ಛತ್ರವೆಲ್ಲ ಕೇಳುವ ಹಾಗೆ, "ನಾವು ನೋಡ್ಕಂಡು ಬಂದ ಹುಡ್ಗಿ ಇವಳಲ್ಲ ಕಣ್ರಲಾ!" ಅಂದಳು. ನನ್ನ ಅತ್ತೆಮನೆಯವರ ಮುಖ ನೀವು ನೋಡಬೇಕಿತ್ತು. ಮಾವ ಮಾತ್ರ ನನ್ನ ಕಿವಿಯಲ್ಲಿ, "ಬಾವುಟ ನೋಡ್ಕಂಡು ನೆಟ್ಟಗೆ ಬಂದವ್ರೆ. ಶಿಸ್ತಿನ ಜನ ಕಣಮ್ಮ, ಪಾಯ್ಸ ಹಾಕ್ಸಿ ಕಳ್ಸೋಣ" ಅಂದರು.

ಇನ್ನೊಂದು ಹುಚ್ಚನ್ನೂ ಹೇಳಿಬಿಡಬೇಕು, ಮುಂದಿನ ಕಥೆಯೆಲ್ಲ ನಿಂತಿರುವುದು ಅದರ ಮೇಲೆ. ನಮ್ಮ ತಳಿ ಕಡೆಯ ಹಳ್ಳಿಗಳಲ್ಲಿ, ಹುಲ್ಲಿನ ಹೊರೆಯನ್ನೋ ಗೊಬ್ಬರದ ಮಂಕರಿಯನ್ನೋ ಪಕ್ಕದಲ್ಲಿಟ್ಟುಕೊಂಡು ದಾರಿಬದಿಯಲ್ಲಿ ಯಾರಾದರೂ ಒಬ್ಬರೇ ನಿಂತಿದ್ದರೆ ಅದಕ್ಕೆ ಒಂದೇ ಅರ್ಥ: ತಲೆಯ ಮೇಲೆ ಎತ್ತಿಟ್ಟುಕೊಳ್ಳಲು ಇನ್ನೊಂದು ಜೊತೆ ಕೈ ಬೇಕು. ಹಾದುಹೋಗುವವರು ಯಾರೇ ಆಗಲಿ, ಗುರುತಿಲ್ಲದವರಾಗಲಿ, ಜಗಳವಾಡಿ ಮಾತು ಬಿಟ್ಟವರಾಗಲಿ, ನಿಂತು ಒಂದು ಕೈ ಹಾಕಿ ಎತ್ತಿಕೊಟ್ಟು ಮುಂದೆ ಹೋಗಬೇಕು. ಇವರು ಕೇಳುವುದೂ ಇಲ್ಲ, ಅವರು ಹೇಳಿಸಿಕೊಳ್ಳುವುದೂ ಇಲ್ಲ. ಉಳಿದವರೆಲ್ಲ ಕಂಡಾಗ ಮಾಡುವ ಈ ಕೆಲಸವನ್ನು ಮಾವ ಹುಡುಕಿಕೊಂಡು ಹೋಗಿ ಮಾಡುತ್ತಾರೆ. ಬೈಕಿನಲ್ಲಿ ಹೋಗುತ್ತಿದ್ದವರು ಅರ್ಧ ಫರ್ಲಾಂಗು ವಾಪಸ್ ಬಂದು ಎತ್ತಿಕೊಡುತ್ತಾರೆ. ಅತ್ತೆಯನ್ನು ನೋಡಲು ಹೋದ ದಿನ, ಬಿಳಿ ಶರ್ಟು ಹಾಕಿಕೊಂಡು, ದಾರಿಯಲ್ಲಿ ಯಾರದ್ದೋ ಗೊಬ್ಬರದ ಮಂಕರಿ ಎತ್ತಿಕೊಟ್ಟು, ಎದೆಯ ಮೇಲೆ ಸಗಣಿಯ ದೊಡ್ಡ ಗುರುತಿನೊಂದಿಗೆ ಹೆಣ್ಣಿನ ಮನೆಯ ಚಾಪೆಯ ಮೇಲೆ ಕೂತಿದ್ದರಂತೆ. "ಅವತ್ತೇ ವಾಸ್ನೆ ಬಂದಿತ್ತು" ಅನ್ನುತ್ತಾರೆ ಅತ್ತೆ, "ನಾನೇ ಎಚ್ಚೆತ್ಕಳ್ಲಿಲ್ಲ."

ಈಗ ಕೊರಿಯಾಕ್ಕೆ ಬನ್ನಿ. ಟೂರ್ ಬಸ್ಸು ಸಿಯೋಲ್ ಬಿಟ್ಟು ಒಂದೂವರೆ ಗಂಟೆ ಹೋದ ಮೇಲೆ ಒಂದು ಹಳ್ಳಿಯಲ್ಲಿ ನಿಂತಿತು. ಗೈಡ್ ಹುಡುಗಿ ಎಲ್ಲರನ್ನೂ ಇಳಿಸಿ, ಎಣಿಸಿ, ಬಾವುಟ ಎತ್ತಿ, ಹೊಲಗಳ ನಡುವಿನ ಸಿಮೆಂಟು ದಾರಿಯಲ್ಲಿ ಕರೆದುಕೊಂಡು ಹೊರಟಳು. ಮಾವ ಸಾಲಿನ ಕೊನೆಯಲ್ಲಿದ್ದರು. ಎಡಗಡೆ (ಮತ್ತೆ ಎಡಗಡೆಯೇ!) ಕೋಸಿನ ಹೊಲ. ಹೊಲದ ಅಂಚಿನಲ್ಲಿ ಒಬ್ಬಳು ಅಜ್ಜಿ. ಅಜ್ಜಿಯ ಪಕ್ಕದಲ್ಲಿ ಒಂದು ಮೂಟೆ ಕೋಸು. ಅಜ್ಜಿ ದಾರಿಯ ಕಡೆ ನೋಡುತ್ತ ಸುಮ್ಮನೆ ನಿಂತಿದ್ದಾಳೆ!

ನೀವಾದರೆ ಏನು ಮಾಡುತ್ತಿದ್ದಿರಿ? ಫೋಟೋ ತೆಗೆಯುತ್ತಿದ್ದಿರಿ. ಜರ್ಮನಿಯವನು ಅದನ್ನೇ ಮಾಡಿದ. ನಮ್ಮ ಮಾವ ಸಾಲು ಬಿಟ್ಟು ಹೊಲಕ್ಕಿಳಿದರು. ಕತ್ತಿನ ಮಫ್ಲರು ಬಿಚ್ಚಿ, ತಿರುಚಿ, ಸಿಂಬಿ ಸುತ್ತಿ, ಅಜ್ಜಿಯ ತಲೆಯ ಮೇಲಿಟ್ಟು, "ಹ್ಞೂಂ, ಹಿಡ್ಕಳವ್ವ" ಎಂದು ಇಡೀ ಮೂಟೆಯನ್ನು ಎತ್ತಿ ಅವಳ ತಲೆಗೇರಿಸಿಯೇ ಬಿಟ್ಟರು! ಅಜ್ಜಿ ಏನೋ ಕೂಗಿದಳು. "ಪರ್ವಾಗಿಲ್ಲ ಬುಡವ್ವ, ಇದ್ರಾಗೇನೈತೆ" ಅಂದರು ಮಾವ. ಅಜ್ಜಿ ನಾಲ್ಕು ಹೆಜ್ಜೆ ಓಲಾಡಿ, ಮೂಟೆಯನ್ನು ಕೆಳಗೆ ಹಾಕಿ, ತಾನೂ ಕೂತು ನಗತೊಡಗಿದಳು. ಕೈಲಾಗುವುದಿಲ್ಲ ಪಾಪ ಎಂದುಕೊಂಡ ಮಾವ ಮೂಟೆಯನ್ನು ತಮ್ಮ ತಲೆಗೇ ಏರಿಸಿಕೊಂಡು, ಎಲ್ಲಿಗೆ ಎಂದು ಕೈ ತಿರುಗಿಸಿ ಕೇಳಿ, ಅವಳು ತೋರಿದ ದಿಕ್ಕಿಗೆ ಹೊರಟರು. ಹಿಂದಿನಿಂದ ಒಂದು ಪುಟ್ಟ ಟ್ರಕ್ಕು ಹಾರ್ನು ಹೊಡೆಯಿತು. ಮಾವ ಮೂಟೆ ಸಮೇತ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಟ್ರಕ್ಕು ಮುಂದೆ ಹೋಗಲಿಲ್ಲ. ಮತ್ತೆ ಹಾರ್ನು. ಮಾವ ಮತ್ತೆ ಸರಿದರು. ಆಮೇಲೆ ತಿಳಿಯಿತು: ಅದು ಅಜ್ಜಿಯ ಮಗನ ಟ್ರಕ್ಕು. ಅಜ್ಜಿ ಅಲ್ಲಿ ನಿಂತಿದ್ದೇ ಆ ಟ್ರಕ್ಕಿಗೆ ಕಾಯುತ್ತ!

ಅಷ್ಟರಲ್ಲಿ ಬಾವುಟ ಎಲ್ಲೋ ಹೋಗಿಬಿಟ್ಟಿತ್ತು. ಅಜ್ಜಿ ಮಾವನನ್ನು ಬಿಡಲಿಲ್ಲ. ಮನೆಗೆ ಕರೆದೊಯ್ದು, ಬೆಚ್ಚಗಿನ ನೆಲದ ಮೇಲೆ ಕೂರಿಸಿ, ಅನ್ನ, ಸೊಪ್ಪಿನ ಸಾರು, ಕೋಸಿನ ಉಪ್ಪಿನಕಾಯಿ ಬಡಿಸಿದಳು. ಬಟ್ಟಲು ಖಾಲಿಯಾದರೆ ಮತ್ತೆ ಬಡಿಸಿದಳು. ಕೈ ಅಡ್ಡ ಹಿಡಿದರೂ ಬಡಿಸಿದಳು. "ಅವ್ಳು ಅವ್ಳ ಮಾತಾಡಿದ್ಲು, ನಾನು ನಂದಾಡ್ದೆ" ಅನ್ನುತ್ತಾರೆ ಮಾವ. "ಒಂದ್ ಕಿತಾನೂ ತಪ್ಪು ತಿಳ್ಕಳ್ಲಿಲ್ಲ." ಇದು ಸಣ್ಣ ಮಾತಲ್ಲ. ಮಾವ ಮೆಷಿನ್ನನ್ನು ಬೈಯುವುದು ತಮಿಳಿನಲ್ಲಿ, ತರಕಾರಿ ಚೌಕಾಶಿ ಮಾಡುವುದು ತೆಲುಗಿನಲ್ಲಿ, ಅತ್ತೆಯೊಂದಿಗೆ ಕನ್ನಡದಲ್ಲಿ. ಮೂರು ಭಾಷೆ ಬಂದರೂ ಇಲ್ಲಿ ಅವರನ್ನು ಜನ ತಪ್ಪು ತಿಳಿಯುವುದು ತಪ್ಪಿಲ್ಲ.

ಊಟ ಮುಗಿಯುವ ಹೊತ್ತಿಗೆ ಅಜ್ಜಿಯ ಮಗ ಯಾರ್‍ಯಾರಿಗೋ ಫೋನು ಮಾಡಿ ಬಸ್ಸನ್ನು ಪತ್ತೆಹಚ್ಚಿದ್ದ. ಟ್ರಕ್ಕಿನಲ್ಲಿ ಕೂರಿಸಿಕೊಂಡು ಓಡಿಸಿದ, ಅಜ್ಜಿಯೂ ಜೊತೆಗೆ ಬಂದಳು. ಬಸ್ಸಿನ ಬಾಗಿಲಲ್ಲಿ ಗೈಡ್ ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಾಳೆ, ಡ್ರೈವರು ಹಾರ್ನು ಒತ್ತುತ್ತಿದ್ದಾನೆ, ಜನ ಗಡಿಯಾರ ನೋಡುತ್ತಿದ್ದಾರೆ. ಮಾವ ಗಾಬರಿಯಲ್ಲಿ ಓಡಿಹೋಗಿ ಬಸ್ಸು ಹತ್ತಿದರು. ಬಾಗಿಲು ಮುಚ್ಚಿತು.

ಈ ಕಥೆಯನ್ನು ಮಾವ ಇಲ್ಲಿಯವರೆಗೆ ನಗುತ್ತ, ನಗಿಸುತ್ತ ಹೇಳುತ್ತಾರೆ. ಇಲ್ಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. "ತಿಂದು ಕೈ ತೊಳ್ಕಂಡು ಬಂದ್ಬುಟ್ಟೆ ಕಣಮ್ಮ. ಬತ್ತೀನವ್ವ ಅನ್ಲಿಲ್ಲ. ನಮ್ಮೂರಿಗೂ ಬಾರವ್ವ ಅನ್ಲಿಲ್ಲ. ಊರ ಹೆಸ್ರೂ ಕೇಳ್ಲಿಲ್ಲ, ಅವ್ಳ ಹೆಸ್ರೂ ಕೇಳ್ಲಿಲ್ಲ." ನಮ್ಮ ಕಡೆ ಒಬ್ಬರ ಮನೆಯಲ್ಲಿ ಉಂಡೆದ್ದು, ನಮ್ಮನೆಗೂ ಬನ್ನಿ ಎನ್ನದೆ ಹೊಸ್ತಿಲು ದಾಟಿದರೆ ಅವರನ್ನು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾವ ತಮ್ಮನ್ನೂ ಆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹುಡುಕಿಕೊಂಡು ಹೋಗೋಣವೆಂದರೆ ಅವರ ಬಳಿ ಇದ್ದ ವಿಳಾಸ ಇಷ್ಟು: ಸಿಯೋಲಿಂದ ಒಂದೂವರೆ ಗಂಟೆ, ಬಸ್ಸಿನ ಎಡಗಡೆ.

ಹಾಗಾಗಿ ಅವರು ಒಂದು ಪರಿಹಾರ ಕಂಡುಕೊಂಡರು. ಆ ಅಜ್ಜಿ ಸಿಗದಿದ್ದರೆ ಆ ದೇಶದ ಇನ್ನೊಬ್ಬಳು ಅಜ್ಜಿಗಾದರೂ ನಮ್ಮ ಹೊಲದಲ್ಲಿ ಒಂದು ಊಟ ಹಾಕಬೇಕು. ಹೊಸೂರಿನಲ್ಲಿ ಕೊರಿಯಾದವರಿಗೇನು ಬರವೇ? ಮೆಷಿನ್ನಿನ ಹಿಂದೆ ಇಂಜಿನಿಯರುಗಳು ಬರುತ್ತಲೇ ಇದ್ದರು. ಮಾವ ಒಬ್ಬೊಬ್ಬರನ್ನೂ ಕರೆದರು. ಮನೆಯಲ್ಲಿ ಅಜ್ಜಿ ಇದ್ದಾರೆಯೇ ಎಂದು ಕೇಳಿ ಕರೆದರು! ಅವರು ಬಗ್ಗಿ ನಮಸ್ಕರಿಸಿ, ಮುಂದಿನ ಸಲ ಎಂದರು. ಮುಂದಿನ ಸಲ ಬೇರೆಯವರು ಬಂದರು, ಅವರೂ ಬಗ್ಗಿದರು. ಹೀಗೆ ಹನ್ನೊಂದು ವರ್ಷ. ಈ ಮಾರ್ಚಿಗೆ ಮಾವನ ರಿಟೈರ್‌ಮೆಂಟು. ಗೇಟ್ ಪಾಸು ವಾಪಸ್ ಕೊಟ್ಟ ಮೇಲೆ ಕೊರಿಯಾದವರನ್ನು ಎಲ್ಲಿಂದ ಹಿಡಿದು ತರುವುದು? ಕೊನೆಯ ತಿಂಗಳಲ್ಲಿ ಅವರು ಉಣ್ಣುವುದು ಕಡಿಮೆಯಾಯಿತು ಎಂದು ಅತ್ತೆ ನನಗೆ ಫೋನು ಮಾಡಿದಾಗ ನನಗೆ ನಗು ಬರಲಿಲ್ಲ.

ಆಗ ಬಂದರು, ಹೊಸ ಮ್ಯಾನೇಜರು ಪಾರ್ಕ್ ಸಾರ್. ವಾಸ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ, ಕೆಲಸ ಹೊಸೂರಿನಲ್ಲಿ. ಅವರ ತಾಯಿ ಎರಡು ವಾರಕ್ಕೆಂದು ಮಗನನ್ನು ನೋಡಲು ಬಂದಿದ್ದರು. ವಯಸ್ಸು ಎಪ್ಪತ್ತೆಂಟು! ಹಳ್ಳಿಯವರು! ಮಾವ ಆ ಸುದ್ದಿ ತಂದ ದಿನ ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ಬೆಂಗಳೂರಿನಿಂದ ತಳಿ ಹಳ್ಳಿಗಾಡಿಗೆ ಒಂದು ದಿನದ ಪ್ರವಾಸ, ಭಾನುವಾರ, ಗೈಡ್ ಸಮೇತ. ಪಾರ್ಕ್ ಸಾರ್ ಒಪ್ಪಿಯೇಬಿಟ್ಟರು. ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವ ತಪ್ಪಿಗೆ ನಾನು ದುಭಾಷಿಯಾದೆ.

ಮಾವ ಕಾರ್ಯಕ್ರಮ ಪಟ್ಟಿ ಬರೆದರು. ಒಂಬತ್ತೂ ನಲವತ್ತಕ್ಕೆ ಗುಲಾಬಿ ಬೆಳೆಯುವ ಶೆಡ್ಡು. ಹತ್ತೂವರೆಗೆ ಮೂತ್ರವಿಸರ್ಜನೆ, ಐಚ್ಛಿಕ. ಹನ್ನೊಂದಕ್ಕೆ ರಾಯಕೋಟೆ ಬೆಟ್ಟ ಹತ್ತಿ ಕೋಟೆ ವೀಕ್ಷಣೆ. ಅತ್ತೆ ಪಟ್ಟಿ ಕಸಿದುಕೊಂಡು ಅಲ್ಲೊಂದು ಗೀಟು ಎಳೆದರು. "ಆ ವಮ್ಮನ ಮಂಡಿ ಏನು ನಿಮ್ ಪ್ರೆಸ್ ಶಾಪ್ನಾಗೆ ಮಾಡಿದ್ದಾ?" ಕೋಟೆ ರದ್ದಾಯಿತು. ಹನ್ನೆರಡೂಕಾಲಕ್ಕೆ ಊಟ ಎಂಬುದಕ್ಕೆ ಮಾತ್ರ ಮಾವ ಕೆಂಪು ಇಂಕಿನಲ್ಲಿ ಮೂರು ಗೆರೆ ಎಳೆದಿದ್ದರು. ತಳಿ ದಾಟಿ ಗುಮ್ಮಳಾಪುರದ ದಾರಿಯಲ್ಲಿ ಅವರಿಗೆ ಒಂದೂವರೆ ಎಕರೆ ಹೊಲ, ಹೊಲದಲ್ಲೊಂದು ಹೆಂಚಿನ ಕೋಣೆ ಇದೆ. ಅತ್ತೆ ಹಿಂದಿನ ದಿನವೇ ಅಲ್ಲಿಗೆ ಹೋಗಿ ಒಲೆ ಹೂಡಿದರು.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಮಾವ ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಬಾವುಟ ಎತ್ತಿ ನಿಂತರು. ಸೆಕ್ಯೂರಿಟಿಯವನು ಓಡಿಬಂದು, "ಮುಷ್ಕರ ಯಾವ ವಿಷಯಕ್ಕೆ ಸಾರ್?" ಅಂದ. "ಸ್ವಾಗತಕ್ಕೆ" ಅಂದರು ಮಾವ. ಸ್ವಾಗತಕ್ಕೆ ಮುಷ್ಕರ ಮಾಡುವವರನ್ನು ಅವನು ಕಂಡಿರಲಿಲ್ಲ, ಒಳಗೆ ಬಿಡಲಿಲ್ಲ. ಪಾರ್ಕ್ ಸಾರ್ ಅವರೇ ಕೆಳಗಿಳಿದು ಬರಬೇಕಾಯಿತು. ಹಿಂದೆ ಅವರ ತಾಯಿ: ಗಿಡ್ಡಗೆ, ಗಟ್ಟಿಮುಟ್ಟಾಗಿ, ಗುಂಗುರು ಕೂದಲು, ಕತ್ತಿಗೆ ಹೂವಿನ ಸ್ಕಾರ್ಫು, ಎದೆಗೆ ಬಿಗಿಯಾಗಿ ಅವುಚಿಕೊಂಡ ಒಂದು ಚೀಲ. ಮಾವ ಬಗ್ಗಿದರು. ಅಜ್ಜಿ ಬಗ್ಗಿದರು. ಮಾವ ಇನ್ನೂ ಬಗ್ಗಿದರು. ಕಾರಿನ ಡ್ರೈವರು ತಮಿಳಿನಲ್ಲಿ "ಪೋಲಾಮಾ ಸಾರ್?" ಎಂದು ಹೊರಡಿಸದಿದ್ದರೆ ಇಬ್ಬರೂ ಇನ್ನೂ ಅಲ್ಲೇ ಬಗ್ಗಿರುತ್ತಿದ್ದರು.

ಅತ್ತಿಬೆಲೆ ಬರುವಷ್ಟರಲ್ಲಿ ಮಾವ ಮುಂದಿನ ಸೀಟಿನಿಂದ ತಿರುಗಿ ಕೂತು ಗೈಡಾದರು. "ಇಲ್ಲಿಗೆ ಕರ್ನಾಟಕ ಮುಗೀತು, ತಮಿಳ್ನಾಡು ಸುರು. ವ್ಯತ್ಯಾಸ ಏನಪ್ಪಾ ಅಂದ್ರೆ, ಬೋರ್ಡು." ನಾನು ಇಂಗ್ಲಿಷಿಗೆ ತಂದೆ, ಪಾರ್ಕ್ ಸಾರ್ ಕೊರಿಯನ್ನಿಗೆ ತಂದರು. ಅಜ್ಜಿ ಕಣ್ಣು ಮುಚ್ಚಿದ್ದರು. ಹೊಸೂರಿನ ಬೆಟ್ಟ ತೋರಿಸಿದರು, ಕಣ್ಣು ಮುಚ್ಚಿತ್ತು. ಕಾರ್ಖಾನೆಯ ಸಾಲು ತೋರಿಸಿದರು, ಇನ್ನೂ ಮುಚ್ಚಿತ್ತು. ಗುಲಾಬಿ ಶೆಡ್ಡಿನಲ್ಲಿ ಕಣ್ಣು ತೆರೆದರು, ಆದರೆ ಒಳಗೆ ಕಾಲಿಟ್ಟದ್ದೇ ಏಳು ಸಲ ಸೀನಿ ಹೊರಗೆ ಬಂದುಬಿಟ್ಟರು. ಎಂಟೇ ನಿಮಿಷಕ್ಕೆ ಗುಲಾಬಿ ಮುಗಿಯಿತು. ಮಾವ ಪಟ್ಟಿಯಲ್ಲಿ ಗೀಟು ಎಳೆದುಕೊಂಡರು. ಬಾವುಟ ಮಡಚಿ ಕಾಲ ಬಳಿ ಇಟ್ಟುಕೊಂಡರು.

ಆ ಹೊತ್ತಿಗೆ ಅಜ್ಜಿ ಚೀಲ ತೆರೆದು ಏನನ್ನೋ ಸರಿಮಾಡಿದರು. ಒಳಗಿದ್ದದ್ದು ಮೂರು ಅಂತಸ್ತಿನ ಊಟದ ಡಬ್ಬಿ! ಪಾರ್ಕ್ ಸಾರ್ ವಿವರಿಸಿದರು: ಅಮ್ಮ ಹೊರಗಡೆ ಏನೂ ತಿನ್ನುವುದಿಲ್ಲ, ಯಾರಿಗೂ ತೊಂದರೆ ಬೇಡವೆಂದು ಬೆಳಿಗ್ಗೆ ನಾಲ್ಕಕ್ಕೆದ್ದು ತಾವೇ ಮಾಡಿಕೊಂಡಿದ್ದಾರೆ. ಇದನ್ನು ಕನ್ನಡಕ್ಕೆ ತರಲು ನನಗೆ ಮನಸ್ಸಾಗಲಿಲ್ಲ. ತರಬೇಕಾಗಿಯೂ ಇರಲಿಲ್ಲ. ಮಾವ ಡಬ್ಬಿಯನ್ನು ನೋಡಿಬಿಟ್ಟಿದ್ದರು. "ಊಟ ತಂದವ್ರೆ ಕಣಮ್ಮ" ಎಂದು ಮೆಲ್ಲಗೆ ಅಂದು ಮುಂದಕ್ಕೆ ತಿರುಗಿಕೊಂಡರು. ಪಟ್ಟಿಯಲ್ಲಿ ಊಟದ ಕೆಳಗಿನ ಮೂರು ಕೆಂಪು ಗೆರೆಗಳನ್ನೊಮ್ಮೆ ನೋಡಿ, ಅದನ್ನು ಮಡಚಿ ಜೇಬಿಗಿಟ್ಟರು. ನನಗೆ ಆ ಡಬ್ಬಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಹೊಲ ಇನ್ನು ಒಂದು ಕಿಲೋಮೀಟರು ಇರುವಾಗ, ದಾರಿಯ ತಿರುವಿನಲ್ಲಿ ಒಬ್ಬ ಹೆಂಗಸು ಹಸಿ ಹುಲ್ಲಿನ ಹೊರೆ ಪಕ್ಕದಲ್ಲಿಟ್ಟುಕೊಂಡು ನಿಂತಿದ್ದಳು. ಕಾರು ಅವಳನ್ನು ದಾಟಿತು. ಮಾವ ನಿಲ್ಲಿಸು ಎನ್ನಲಿಲ್ಲ! ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಅವರು ಕೈಗಡಿಯಾರವನ್ನೇ ನೋಡುತ್ತ ಕೂತಿದ್ದರು, ಅವಳು ಅವರ ಕಣ್ಣಿಗೇ ಬಿದ್ದಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಪಕ್ಕದಿಂದಲೇ ಒಂದು ಗದ್ದಲ. ಅಜ್ಜಿ ಡ್ರೈವರಿನ ಭುಜಕ್ಕೆ ಪಟಪಟ ಹೊಡೆಯುತ್ತಿದ್ದಾರೆ! ಅವನು ಹೆದರಿ ಬ್ರೇಕ್ ಒತ್ತಿದ. ಪಾರ್ಕ್ ಸಾರ್ ಏನಾಯಿತು ಎಂದು ಕೇಳುವುದರೊಳಗೆ ಅಜ್ಜಿ ಬಾಗಿಲು ತೆರೆದು ಇಳಿದು ಹಿಂದಕ್ಕೆ ನಡೆದೇಬಿಟ್ಟರು. ನಾವೆಲ್ಲ ಓಡಿದೆವು.

ನಾವು ತಲುಪುವಾಗ ಅಜ್ಜಿ ಕತ್ತಿನ ಹೂವಿನ ಸ್ಕಾರ್ಫು ಬಿಚ್ಚಿ, ತಿರುಚಿ, ಉಂಗುರದ ಹಾಗೆ ಸುತ್ತುತ್ತಿದ್ದರು. ಸಿಂಬಿ! ಮಾವನ ತಾಯಿ, ನನ್ನ ಅಜ್ಜಿ, ಸುತ್ತುತ್ತಿದ್ದಂಥದ್ದೇ ಸಿಂಬಿ. ಅದನ್ನು ಆ ಹೆಂಗಸಿನ ತಲೆಯ ಮೇಲಿಟ್ಟು ಒತ್ತಿ ನೋಡಿ, ಹೊರೆಯ ಒಂದು ಕಡೆಗೆ ತಾವು ಕೈ ಹಾಕಿ, ಮಾವನ ಕಡೆ ತಿರುಗಿ ಗದರಿದರು. ಅದನ್ನು ಯಾರೂ ಅನುವಾದಿಸಲಿಲ್ಲ. ಮಾವ ಇನ್ನೊಂದು ಕಡೆ ಹಿಡಿದರು. ಹೊರೆ ಏರಿತು. ಹೊರೆಯ ಹೆಂಗಸಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

"ಯಾವೂರ ಕಡೆಯೋರಣ್ಣ ಈ ವಮ್ಮ?" ಅಂದಳು.

"ನಮ್ಮ ಕಡೆಯೋರೆ ಕಣವ್ವ" ಅಂದರು ಮಾವ.

ಆಮೇಲೆ ಅಜ್ಜಿ ಕಾರು ಹತ್ತಲಿಲ್ಲ. ಸ್ಕಾರ್ಫನ್ನು ಅವಳ ತಲೆಯ ಮೇಲೇ ಬಿಟ್ಟು, ಕೈ ಹಿಂದೆ ಕಟ್ಟಿಕೊಂಡು ಹೊಲದವರೆಗೂ ನಡೆದರು. ಮುಚ್ಚಿದ್ದ ಕಣ್ಣು ಈಗ ರಾಗಿ ಕೂಳೆಯನ್ನೂ ಬಿಡಲಿಲ್ಲ, ಟೊಮೇಟೊ ಊರುಗೋಲನ್ನೂ ಬಿಡಲಿಲ್ಲ. ಮಾವನ ಹೊಲಕ್ಕಿಳಿದವರೇ ಒಂದು ಕೋಸನ್ನು ಹೆಬ್ಬೆರಳಿನಿಂದ ಅದುಮಿ ನೋಡಿ, ಮಗನಿಗೆ ಏನೋ ಹೇಳಿದರು. "ಇದನ್ನು ಮೂರು ದಿನದ ಹಿಂದೆಯೇ ಕೊಯ್ಯಬೇಕಿತ್ತಂತೆ" ಎಂದು ಪಾರ್ಕ್ ಸಾರ್ ಸಂಕೋಚದಿಂದ ಹೇಳಿದರು. ನಾನು ಕನ್ನಡಕ್ಕೆ ತಂದೆ. ಒಲೆಯ ಮುಂದಿನಿಂದ ಅತ್ತೆ, "ನಾನ್ ಒಂದ್ ವಾರದಿಂದ ಬಡ್ಕಂತಾ ಇವ್ನಿ! ಆ ದೇಸ್ದಿಂದ ಬಂದು ಹೇಳ್ಬೇಕಾಯ್ತು!" ಎಂದು ಕೂಗಿದರು. ಆ ಕ್ಷಣದಿಂದ ಅತ್ತೆಗೂ ಅಜ್ಜಿಗೂ ನಮ್ಮ ದುಭಾಷಿ ಕೆಲಸ ಬೇಡವಾಯಿತು.

ಊಟಕ್ಕೆ ಎಲೆ ಹಾಕಿದರು. ಮಾವ ಅಜ್ಜಿಯ ಚೀಲವನ್ನೇ ನೋಡುತ್ತಿದ್ದರು. ಅಜ್ಜಿ ಡಬ್ಬಿ ತೆಗೆದರು, ಮೂರೂ ಅಂತಸ್ತು ಬಿಚ್ಚಿದರು, ಬಿಚ್ಚಿ ನಮ್ಮೆಲ್ಲರ ಎಲೆಗಳ ನಡುವೆ ಇಟ್ಟು ಅತ್ತೆಯ ಕಡೆ ತಳ್ಳಿದರು. ತಮ್ಮ ಎಲೆಯನ್ನು ಮಾತ್ರ ಹತ್ತಿರಕ್ಕೆಳೆದುಕೊಂಡು ಮಾವನ ಮುಖ ನೋಡಿದರು. ಬಡಿಸು ಎಂದು! ಮಾವ ಮುದ್ದೆ ಇಟ್ಟರು, ಬಸ್ಸಾರು ಬಿಟ್ಟರು, ಕೋಸಿನ ಪಲ್ಯ ಬಡಿಸಿದರು. ಅಗಿಯಬಾರದು, ನುಂಗಬೇಕು ಎಂದು ಅಭಿನಯಿಸಿ ತೋರಿಸಿದರು. ಅಜ್ಜಿ ಒಂದು ತುತ್ತು ನುಂಗಿ ಏನೋ ಕೇಳಿದರು. "ಇದು ಹಲ್ಲಿಲ್ಲದವರಿಗೆಂದು ಮಾಡಿದ ಊಟವಾ ಅಂತ ಅಮ್ಮ ಕೇಳ್ತಿದ್ದಾರೆ" ಎಂದರು ಪಾರ್ಕ್ ಸಾರ್. ಮಾವ ನಕ್ಕ ನಗುವಿಗೆ ಪಕ್ಕದ ಹೊಲದ ನಾಯಿ ಬೊಗಳಿತು.

ಆಗ ಮಾವ ಹನ್ನೊಂದು ವರ್ಷದ ಕಥೆಯನ್ನು ಅವರಿಗೆ ಹೇಳಿದರು. ಕನ್ನಡದಿಂದ ಇಂಗ್ಲಿಷು, ಇಂಗ್ಲಿಷಿನಿಂದ ಕೊರಿಯನ್ನು. ತಲೆಗೇರಿಸಿದ ಮೂಟೆ, ಹಾರ್ನು ಹೊಡೆದ ಟ್ರಕ್ಕು, ಮೂರು ಸಲ ಬಡಿಸಿದ ಊಟ. ಅಜ್ಜಿ ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆ ಮುದುಕಿಯೂ ಇವತ್ತಿನವರೆಗೆ ಊರೆಲ್ಲ ಇದನ್ನೇ ಹೇಳಿಕೊಂಡು ತಿರುಗುತ್ತಿರುತ್ತಾಳೆ ಎಂದರು. ಮಾವ ನಗಲಿಲ್ಲ. ಹೇಳದೆ ಬಂದ ಮಾತನ್ನೂ ಹೇಳಿದರು: ಉಂಡು ಎದ್ದು ಓಡಿದ್ದು, ನಮ್ಮೂರಿಗೂ ಬಾ ಎನ್ನದೆ ಬಂದದ್ದು. ಇಂಗ್ಲಿಷಿಗೆ ತರುವಾಗ ನನ್ನ ಮಾತೇ ತಡವರಿಸಿತು.

ಅಜ್ಜಿ ಪೂರ್ತಿ ಕೇಳಿ, ಒಂದೇ ಪ್ರಶ್ನೆ ಕೇಳಿದರು. ಪಾರ್ಕ್ ಸಾರ್ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ: "ಬಟ್ಟಲು ಖಾಲಿ ಮಾಡಿದ್ಯಾ ಅಂತ ಕೇಳ್ತಿದ್ದಾರೆ."

"ಮೂರ್ ಕಿತ" ಅಂದರು ಮಾವ.

"ಮತ್ತಿನ್ನೇನು ಅಂತೆ."

ಅಷ್ಟು ಹೇಳಿ ಅಜ್ಜಿ ತಮ್ಮ ಎಲೆಯನ್ನು ಮುಂದಕ್ಕೆ ತಳ್ಳಿ, ಬೆರಳೆತ್ತಿ ತೋರಿಸಿದರು. ಇನ್ನೊಂದು ಮುದ್ದೆ. ಮಾವ ಬಡಿಸಿದ ಸಾರು ಅರ್ಧ ಎಲೆಗೆ, ಅರ್ಧ ಚಾಪೆಗೆ. ನಾನು ಅವರನ್ನು ನೋಡುತ್ತ ನಗುತ್ತಲೇ ಬೆಳೆದವಳು. ಅವತ್ತು ನನಗೆ ಅವರ ಮೇಲೆ ಉಕ್ಕಿಬಂದ ಅಕ್ಕರೆಯನ್ನು ಹೇಗೆ ಹೇಳಲಿ?

ಹೊರಡುವಾಗ ಬಾವುಟ ಕಾರಿನಲ್ಲೇ ಮಡಚಿ ಬಿದ್ದಿತ್ತು. ಮಾವ ಬರಿಗೈಯಲ್ಲಿ ಕಾರಿನ ಕಿಟಕಿಯ ಹತ್ತಿರ ಹೋಗಿ ನಿಂತು, "ಇನ್ನೊಂದ್ ಕಿತ ಬಾರವ್ವ, ನಮ್ಮೂರಿಗೆ" ಅಂದರು. ಅಜ್ಜಿ ಅವರ ಕೈ ಹಿಡಿದುಕೊಂಡು ದೀರ್ಘವಾಗಿ ಏನೋ ಹೇಳಿದರು. ಪಾರ್ಕ್ ಸಾರ್ ಅನುವಾದಕ್ಕೆ ಬಾಯಿ ತೆರೆದರು. "ಬೇಡಿ ಸಾರ್" ಅಂದರು ಮಾವ, "ತಿಳೀತು."

ಸಂಜೆ ಬೆಂಗಳೂರಿಗೆ ವಾಪಸ್ ಮುಟ್ಟಿಸುವವರೆಗೂ ಪ್ರವಾಸ ಗೈಡಿನ ಜವಾಬ್ದಾರಿ. ಅದು ಮಾವನಿಗೆ ನೆನಪೇ ಇರಲಿಲ್ಲ! ಕಾರು ಗೈಡನ್ನೂ ದುಭಾಷಿಯನ್ನೂ ಹೊಲದಲ್ಲೇ ಬಿಟ್ಟು ಹೋಯಿತು. ಧೂಳು ಇಳಿಯುವವರೆಗೂ ಅವರು ದಾರಿಯಲ್ಲೇ ನಿಂತಿದ್ದರು. ಆಮೇಲೆ ನಿಧಾನವಾಗಿ ಹೆಂಚಿನ ಕೋಣೆಯ ಕಡೆ ನಡೆದು ಬಂದರು. ಬಾಗಿಲಲ್ಲಿ ಅತ್ತೆ ಒಂದು ಚೊಂಬು ನೀರು ಹಿಡಿದು ನಿಂತಿದ್ದರು.

"ಏನೇ ಇದು?" ಅಂದರು ಮಾವ.

"ದೂರದಿಂದ ಬಂದಿದ್ದೀರಿ, ಕಾಲು ತೊಳ್ಕಂಡು ಒಳಕ್ಕೆ ಬನ್ನಿ" ಅಂದರು ಅತ್ತೆ. "ಹನ್ನೊಂದು ವರ್ಷ ಆಯ್ತು, ಮನೆ ಬುಟ್ಟು."